ದ್ವೀಪದ ಹಾರದ ಹಕ್ಕಿ: ಫೋಟೋಗೆ ಯಾವುದು, ದನಿಗೆ ಯಾವುದು?

ಹಾರಲಾರದ ಅಪರೂಪದ ಹಕ್ಕಿಯ ಫೋಟೋ ತೆಗೆಯಬೇಕು, ಅದರ ಕೂಗನ್ನೂ ರೆಕಾರ್ಡ್ ಮಾಡಬೇಕು ಅಂತ ಹೊರಡುವವರು ಮೊದಲು ಕೇಳೋದು ಯಾವ ಲೆನ್ಸ್ ಬೇಕು ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ತೀರ್ಮಾನ ಆಗಬೇಕಾದ್ದು ಬೇರೆ: ನಿಮಗೆ ಮುಖ್ಯ ಚಿತ್ರವೋ, ದನಿಯೋ? ಒಂದೇ ಹಕ್ಕಿ ಈ ಎರಡನ್ನೂ ಒಂದೇ ಹೊತ್ತಿನಲ್ಲಿ ಕೊಡೋದು ತುಂಬಾ ಕಡಿಮೆ. ಅದು ಕೂಗೋದು ಬೆಳಕು ಹರಿಯುವ ಮುಂಚೆ, ಸರಿಯಾಗಿ ಕಾಣಿಸೋದು ಬಿಸಿಲೇರಿದ ಮೇಲೆ. ಕೂಗಿಗೆ ನೀವು ದೂರ ಇದ್ದರೂ ನಡೆಯುತ್ತದೆ, ಚಿತ್ರಕ್ಕೆ ಹತ್ತಿರ ಇರಬೇಕು. ಯಾವ ದ್ವೀಪಕ್ಕೆ ಹೋಗೋದು, ರಾತ್ರಿ ಎಲ್ಲಿ ಉಳಿಯೋದು, ಬ್ಯಾಗಿನಲ್ಲಿ ಏನಿಡೋದು ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹಕ್ಕಿಗಳು ಹಾರೋದನ್ನು ಬಿಟ್ಟಿದ್ದು ನೆಲದ ಮೇಲೆ ಅಟ್ಟಿಸಿಕೊಂಡು ಬರುವ ಪ್ರಾಣಿಗಳಿಲ್ಲದ ದ್ವೀಪಗಳಲ್ಲಿ. ಆಮೇಲೆ ಮನುಷ್ಯ ಬಂದ, ಅವನ ಜೊತೆ ಇಲಿ, ಬೆಕ್ಕು, ನಾಯಿ, ಮುಂಗುಸಿ ಬಂದವು. ಉಳಿದಿರುವ ಹಕ್ಕಿಗಳು ಬಹುತೇಕ ಯಾರೋ ವರ್ಷಗಟ್ಟಲೆ ಕಾವಲು ಕಾಯ್ದು ಉಳಿಸಿದವು. ನಿಮ್ಮಿಂದ ಗಾಬರಿಯಾದರೆ ಅದು ಹಾರಿ ಕೊಂಬೆ ಮೇಲೆ ಕೂತು ಸುಧಾರಿಸಿಕೊಳ್ಳಲ್ಲ, ಮೊಟ್ಟೆ ಬಿಟ್ಟು ಪೊದೆಯೊಳಗೆ ಓಡುತ್ತದೆ. ಹಾಗಾಗಿ ಆಯ್ಕೆ ಮಾಡುವಾಗ ನಾನು ನೋಡೋದು ಒಂದೇ ವಿಷಯ: ನಾವು ಒಂದು ಕಡೆ ಸುಮ್ನೆ ಕೂತರೆ ಹಕ್ಕಿ ತಾನಾಗಿಯೇ ನಮ್ಮ ಕಡೆ ಬರುವ ಜಾಗ ಯಾವುದು? ಹುಡುಕಿಕೊಂಡು, ಬೆನ್ನಟ್ಟಿಕೊಂಡು ಹೋಗಬೇಕಾದ ಹಕ್ಕಿಯನ್ನು ಪಟ್ಟಿಯಿಂದ ತೆಗೆದುಬಿಡಿ.

ಹೀಗೆ ಸೋಸಿದರೆ ಸಾಮಾನ್ಯ ಪ್ರವಾಸಿಗೆ ನಿಜವಾಗಿ ಉಳಿಯೋದು ನಾಲ್ಕು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಗು, ನ್ಯೂಜಿಲೆಂಡಿನ ತಕಾಹೆ, ಜಪಾನಿನ ಓಕಿನಾವಾ ದ್ವೀಪದ ಯಾನ್ಬಾರು ಕುಯಿನಾ, ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದ ವುಡ್‌ಹೆನ್.

ಎರಡೂ ಬೇಕು ಅನ್ನುವವರಿಗೆ: ಕಾಗು

ನನ್ನನ್ನು ಕೇಳಿದರೆ, ಚಿತ್ರವೂ ದನಿಯೂ ಒಂದೇ ಪ್ರವಾಸದಲ್ಲಿ ಬೇಕು ಅನ್ನುವವರು ಕಣ್ಣು ಮುಚ್ಚಿಕೊಂಡು ಕಾಗುವನ್ನು ಆರಿಸಿಕೊಳ್ಳಬಹುದು. ಬೂದು ಬಿಳುಪಿನ ಮೈ, ಕೆಂಪು ಕಣ್ಣು, ಕಿತ್ತಳೆ ಬಣ್ಣದ ಕೊಕ್ಕು ಮತ್ತು ಕಾಲು, ತಲೆಯ ಹಿಂದೆ ಉದ್ದ ಜುಟ್ಟು. ಮೂಗಿನ ಹೊಳ್ಳೆಯ ಮೇಲೆ ಮುಚ್ಚಳದಂಥ ಪೊರೆ ಇದೆ. ಮಣ್ಣು ಕೆದಕುವಾಗ ಒಳಗೆ ಕಸ ಹೋಗದ ಹಾಗೆ. ಇಂಥದ್ದು ಬೇರೆ ಯಾವ ಹಕ್ಕಿಗೂ ಇಲ್ಲ. ಇಡೀ ಕುಟುಂಬದಲ್ಲಿ ಈಗ ಬದುಕಿರುವ ಒಂದೇ ಜಾತಿ ಇದು. ಹತ್ತಿರದ ನೆಂಟ ಅಂದರೆ ಅಮೆರಿಕದ ಉಷ್ಣವಲಯದ ಕಾಡುಗಳ ಸನ್‌ಬಿಟರ್ನ್, ಅದೂ ಬೇರೆ ಕುಟುಂಬದ್ದು.

ಜಾಗ ರಾಜಧಾನಿ ನೂಮಿಯಾದಿಂದ ರಸ್ತೆಯಲ್ಲೇ ಹೋಗಬಹುದಾದ ರಿವಿಯೇರ್ ಬ್ಲೂ ಪ್ರಾಂತೀಯ ಉದ್ಯಾನ. 1980ರ ದಶಕದಿಂದ ಇಲ್ಲಿ ನಾಯಿಗಳನ್ನು ಹೊರಗಿಟ್ಟು, ಬೆಕ್ಕು ಮತ್ತು ಹಂದಿಗಳನ್ನು ಹಿಡಿದು ಕಾಗುಗಳನ್ನು ಬೆಳೆಸಿದ್ದಾರೆ. ಈವ್ ಲೆಟೊಕಾರ್ ಎಂಬ ಅರಣ್ಯ ರಕ್ಷಕರ ಹೆಸರು ಈ ಕೆಲಸದ ಜೊತೆ ಸೇರಿಕೊಂಡೇ ಬರುತ್ತದೆ. ಆ ಶ್ರಮದ ಫಲವನ್ನು ಈಗ ನಾವು ಅನುಭವಿಸುತ್ತಿದ್ದೇವೆ: ಮನುಷ್ಯರನ್ನು ಕಂಡರೆ ಓಡದ ಕಾಗುಗಳು ಇಲ್ಲಿ ದಾರಿಯ ಪಕ್ಕದಲ್ಲೇ ಹುಳು, ಬಸವನಹುಳು ಹುಡುಕುತ್ತಾ ನಿಂತಿರುತ್ತವೆ. ನಾಯಿ ಬಂದರೆ ಏನಾಗುತ್ತದೆ ಅನ್ನೋದಕ್ಕೆ 1993ರಲ್ಲಿ ಅದೇ ದ್ವೀಪದ ಪಿಕ್ ನಿಂಗುವಾ ಬೆಟ್ಟದಲ್ಲಿ ನಡೆದದ್ದು ಸಾಕ್ಷಿ. ಸಂಶೋಧಕರು ಅಧ್ಯಯನ ಮಾಡುತ್ತಿದ್ದ ಕಾಗುಗಳನ್ನು ಅಲ್ಲಿ ನಾಯಿಗಳು ಒಂದೊಂದಾಗಿ ಕೊಂದುಹಾಕಿದವು.

ದನಿಯ ವಿಷಯಕ್ಕೆ ಬರೋಣ. ಗಂಡು ಹೆಣ್ಣು ಸೇರಿ ನಸುಕಿನಲ್ಲಿ ಕೂಗುತ್ತವೆ. ನಾಯಿಮರಿ ಬೊಗಳುವಂತೆ, ನಡುವೆ ಹುಂಜ ಕೂಗಿದಂತೆ ಕೇಳಿಸುತ್ತದೆ, ಕೆಲವೊಮ್ಮೆ ಹತ್ತು ನಿಮಿಷಕ್ಕೂ ಜಾಸ್ತಿ ನಡೆಯುತ್ತದೆ, ಕಣಿವೆಯಲ್ಲಿ ಬಹಳ ದೂರ ಹೋಗುತ್ತದೆ. ಒಂದು ಜೋಡಿ ಶುರು ಮಾಡಿದರೆ ಪಕ್ಕದ ಜೋಡಿ ಉತ್ತರ ಕೊಡುತ್ತದೆ. ಆದರೆ ಇಲ್ಲಿ ಒಂದು ತೊಡಕಿದೆ, ಪ್ರವಾಸ ಯೋಜನೆ ಮಾಡುವವರು ಇದನ್ನೇ ಮರೆಯುತ್ತಾರೆ: ಬೆಳಿಗ್ಗೆ ಉದ್ಯಾನದ ಗೇಟ್ ತೆರೆದು ನೀವು ಒಳಗೆ ಹೋಗುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ದನಿ ಬೇಕಾದರೆ ಹಿಂದಿನ ದಿನವೇ ಹೋಗಿ ಒಳಗಿನ ಕ್ಯಾಂಪಿಂಗ್ ಜಾಗದಲ್ಲಿ ಟೆಂಟ್ ಹಾಕಿ ಉಳಿಯಬೇಕು. ಪೆರಿನ್ಯೋ ಅನ್ನುವ ಹಳೆಯ ಮರದ ಸೇತುವೆಯಿಂದಾಚೆ ಸ್ವಂತ ಕಾರು ಬಿಡೋದಿಲ್ಲ, ಆದ್ದರಿಂದ ಹೊತ್ತು ನಡೆಯಲು ಆಗುವಷ್ಟೇ ಸಾಮಾನು ಇರಲಿ. ಚಿತ್ರ ಮಾತ್ರ ಸಾಕು ಅಂದರೆ ಇದ್ಯಾವುದೂ ಬೇಡ, ಹಗಲಿನ ಭೇಟಿ ಸಾಕು.

ಚಿತ್ರ ತೆಗೆಯುವಾಗಿನ ಕಷ್ಟ ಬೆಳಕಿನದ್ದು. ಕಾಡಿನ ನೆಲ ಕಪ್ಪು, ಹಕ್ಕಿ ಬಿಳುಪು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಅದು ಕಪ್ಪು ನೆಲವನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಮೈಮೇಲಿನ ಗರಿಗಳ ವಿವರವೆಲ್ಲ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ) ಕಡಿಮೆ ಮಾಡಿಕೊಳ್ಳಿ. ಉದ್ದದ 600 ಎಂಎಂ ಲೆನ್ಸಿಗಿಂತ ಹೆಚ್ಚು ಬೆಳಕು ಒಳಗೆ ಬಿಡುವ 70-200 ಎಂಎಂ, ಎಫ್ 2.8 ಲೆನ್ಸ್ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಾಗು ಒಂದೇ ಕಾಲಿನ ಮೇಲೆ ಭಾರ ಹಾಕಿ ಕಲ್ಲಿನ ಹಾಗೆ ನಿಂತು ಕೇಳಿಸಿಕೊಳ್ಳುವ ಅಭ್ಯಾಸದ ಹಕ್ಕಿ, ಆದ್ದರಿಂದ ಶಟರ್ ವೇಗ 1/125ಕ್ಕೆ ಇಳಿದರೂ ಚಿತ್ರ ಸಿಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ಎಲ್ಲರಿಗೂ ಬೇಕಾದ ಚಿತ್ರ ಅಂದರೆ ಜುಟ್ಟು ಎತ್ತಿ, ಕಪ್ಪು ಬಿಳಿ ಕಂದು ಪಟ್ಟಿಗಳ ರೆಕ್ಕೆ ಅಗಲಿಸಿ ನಿಂತ ಕಾಗು. ಅದು ಎರಡು ಕಾಗುಗಳ ನಡುವಿನ ಗಡಿ ಜಗಳದಲ್ಲಿ ಸಿಕ್ಕರೆ ಅದೃಷ್ಟ, ತೆಗೆದುಕೊಳ್ಳಿ. ನಿಮ್ಮ ಕಡೆ ತಿರುಗಿ ಹಾಗೆ ಮಾಡಿದರೆ ಮಾತ್ರ ನೀವು ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಅದು ರೆಕ್ಕೆ ಎಳೆದುಕೊಂಡು ಗಾಯವಾದಂತೆ ನಟಿಸಿದರೆ ಗೂಡೋ ಮರಿಯೋ ಹತ್ತಿರದಲ್ಲೇ ಇದೆ. ಕಾಗು ಇಡುವುದು ಒಂದೇ ಮೊಟ್ಟೆ, ಅದೂ ನೆಲದ ಮೇಲೆ. ಕೂಡಲೇ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಚಿತ್ರ ಮಾತ್ರ ಸಾಕು ಅನ್ನುವವರಿಗೆ: ತಕಾಹೆ

ತಕಾಹೆ ಕಾಗುಗಿಂತ ಸುಲಭ. ಮೂರು ಕೆಜಿ ತೂಗುವ, ನೀಲಿ ಹಸಿರು ಮೈಯ, ದಪ್ಪ ಕೆಂಪು ಕೊಕ್ಕಿನ ಈ ಹಕ್ಕಿ ಬಯಲಲ್ಲಿ ಹುಲ್ಲು ತಿನ್ನುತ್ತದೆ. ಬಯಲು ಅಂದರೆ ಬೆಳಕು. 1898ರ ನಂತರ ಇದು ಅಳಿದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. 1948ರ ನವೆಂಬರ್ 20ರಂದು ಡಾಕ್ಟರ್ ಜೆಫ್ರಿ ಓರ್ಬೆಲ್ ಅವರ ತಂಡ ಟೆ ಅನೌ ಸರೋವರದ ಮೇಲಿನ ಮರ್ಚಿಸನ್ ಪರ್ವತಗಳಲ್ಲಿ ಇದನ್ನು ಮತ್ತೆ ಕಂಡಿತು. ಆ ಪರ್ವತ ಪ್ರದೇಶಕ್ಕೆ ಈಗಲೂ ಅನುಮತಿ ಇಲ್ಲದೆ ಹೋಗುವಂತಿಲ್ಲ, ಹೋಗುವ ಅಗತ್ಯವೂ ಇಲ್ಲ. ಆಕ್ಲೆಂಡಿನಿಂದ ದೋಣಿಯಲ್ಲಿ ಟಿರಿಟಿರಿ ಮಾಟಂಗಿ ದ್ವೀಪಕ್ಕೆ ಹೋಗಿ, ಇಲ್ಲವೇ ವೆಲಿಂಗ್ಟನ್ ನಗರದೊಳಗೇ ಇರುವ ಜೀಲೆಂಡಿಯಾ ಅನ್ನುವ ಬೇಲಿ ಹಾಕಿದ ವನ್ಯಜೀವಿ ತಾಣಕ್ಕೆ ಹೋಗಿ.

ದೋಣಿ ಹತ್ತುವ ಮುಂಚೆ ಬ್ಯಾಗಿನಲ್ಲಿ ಇಲಿ, ಇರುವೆ, ಬೀಜ ಏನಾದರೂ ಸೇರಿಕೊಂಡಿದೆಯಾ ಅಂತ ನೋಡಿಕೊಳ್ಳಬೇಕು, ಶೂ ತೊಳೆಯಬೇಕು. ಕ್ಯಾಮೆರಾ ಬ್ಯಾಗಿನ ಜೇಬುಗಳನ್ನೂ ಮನೆಯಲ್ಲೇ ಖಾಲಿ ಮಾಡಿ ಒದರಿಕೊಂಡು ಹೋಗಿ. ಇದು ಕಾಟಾಚಾರದ ತಪಾಸಣೆ ಅಲ್ಲ, ಒಂದು ಬಸುರಿ ಇಲಿ ಇಡೀ ದ್ವೀಪದ ಕೆಲಸವನ್ನು ಹಾಳುಮಾಡಬಲ್ಲದು.

ತಕಾಹೆಯ ಕಾಲಿಗೆ ಬಣ್ಣದ ಬಳೆಗಳಿರುತ್ತವೆ. ಕೆಲವರಿಗೆ ಇದು ಚಿತ್ರ ಕೆಡಿಸಿದಂತೆ ಅನಿಸುತ್ತದೆ. ಬಳೆ ಕಾಣದ ಚಿತ್ರವೇ ಬೇಕಾದರೆ ಹುಲ್ಲು ಎತ್ತರ ಇರುವ ಕಡೆ ನೆಲಕ್ಕೆ ಮೈ ತಾಗಿಸಿ ಮಲಗಿ ತೆಗೆಯಿರಿ, ಕಾಲು ಮುಚ್ಚಿಹೋಗುತ್ತದೆ. ಎಡಿಟ್ ಮಾಡಿ ಬಳೆ ಅಳಿಸೋದು ನನಗೆ ಒಪ್ಪಿಗೆ ಇಲ್ಲ. ಆ ಬಳೆಯಿಂದಲೇ ಆ ಹಕ್ಕಿ ಯಾವುದು, ಅದರ ಜೋಡಿ ಯಾವುದು ಅಂತ ಗೊತ್ತಾಗೋದು. ನೀಲಿ ಬಣ್ಣ ಚೆನ್ನಾಗಿ ಬರೋದು ಮೋಡ ಕವಿದ ದಿನ. ನಡುಮಧ್ಯಾಹ್ನದ ಬಿಸಿಲಲ್ಲಿ ಬೆನ್ನು ಹೊಳೆದು ಕುತ್ತಿಗೆ ಕಪ್ಪಾಗುತ್ತದೆ. ಇದೇ ಬಣ್ಣದ, ಸಣ್ಣ ಮೈಯ, ಉದ್ದ ಕಾಲಿನ ಪುಕೆಕೊ ಅನ್ನುವ ಹಕ್ಕಿಯೂ ಅಲ್ಲಿದೆ. ಅದು ಹಾರುತ್ತದೆ. ಈ ಎರಡನ್ನು ಗುರುತಿಸೋದು ಕಲಿತುಕೊಂಡು ಹೋಗಿ. 2015ರಲ್ಲಿ ಮೊಟುಟಾಪು ದ್ವೀಪದಲ್ಲಿ ಪುಕೆಕೊ ಅಂತ ತಿಳಿದು ಬೇಟೆಗಾರರು ನಾಲ್ಕು ತಕಾಹೆಗಳನ್ನು ಹೊಡೆದುಬಿಟ್ಟಿದ್ದರು.

ದನಿಗೆ ಮಾತ್ರ ತಕಾಹೆ ನನ್ನ ಆಯ್ಕೆ ಅಲ್ಲ. ಜೋಡಿಗಳು ಪರಸ್ಪರ ಕರೆಯುತ್ತವೆ, ಗಾಬರಿಯಾದಾಗ ಹೊಟ್ಟೆಯೊಳಗಿಂದ ಬಂದಂತೆ ಒಂದು ತಗ್ಗಿನ ಗುಮ್ಮೆನ್ನುವ ದನಿ ಮಾಡುತ್ತವೆ. ಕೇಳೋಕೆ ಅದ್ಭುತ. ಆದರೆ ಟಿರಿಟಿರಿಯಲ್ಲಿ ಟುಯಿ, ಬೆಲ್‌ಬರ್ಡ್, ಸ್ಯಾಡಲ್‌ಬ್ಯಾಕ್ ಎಲ್ಲ ಒಟ್ಟಿಗೆ ಹಾಡುತ್ತಿರುತ್ತವೆ, ಜೊತೆಗೆ ಮಾತಾಡುತ್ತಾ ನಡೆಯುವ ಗುಂಪುಗಳು ಬೇರೆ. ಮಧ್ಯಾಹ್ನದ ದೋಣಿಯಲ್ಲಿ ಜನ ಹೊರಟುಹೋದ ಮೇಲೆ ದ್ವೀಪ ಶಾಂತವಾಗುತ್ತದೆ, ಅಲ್ಲಿನ ಬಂಕ್‌ಹೌಸಿನಲ್ಲಿ ಜಾಗ ಸಿಕ್ಕಿದರೆ ಆಗ ಪ್ರಯತ್ನ ಮಾಡಬಹುದು. ರಾತ್ರಿ ಲಿಟ್ಲ್ ಸ್ಪಾಟೆಡ್ ಕಿವಿ ಅನ್ನುವ ಇನ್ನೊಂದು ಹಾರದ ಹಕ್ಕಿಯ ಕೂಗು ಸಿಗುವ ಅವಕಾಶವೂ ಇದೆ.

ದನಿಗೆ ಒಳ್ಳೆಯದು, ಆದರೆ ತಾಳ್ಮೆ ಬೇಡುವುದು: ಯಾನ್ಬಾರು ಕುಯಿನಾ

ಓಕಿನಾವಾದ ಉತ್ತರ ಭಾಗದ ಕಾಡು ಯಾನ್ಬಾರು. ಅಲ್ಲಿನ ಈ ಹಕ್ಕಿಯನ್ನು ವಿಜ್ಞಾನಿಗಳು ಹೊಸ ಜಾತಿ ಅಂತ ವಿವರಿಸಿದ್ದು 1981ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಕೆಂಪು ಕೊಕ್ಕು, ಕೆಂಪು ಕಾಲು, ಎದೆಯ ಮೇಲೆ ಕಪ್ಪು ಬಿಳಿ ಗೆರೆಗಳು. ಹಬು ಹಾವನ್ನು ಕೊಲ್ಲಲಿ ಅಂತ 1910ರಲ್ಲಿ ತಂದು ಬಿಟ್ಟ ಮುಂಗುಸಿ ಹಾವನ್ನು ಬಿಟ್ಟು ಹಕ್ಕಿಗಳನ್ನು ತಿನ್ನುತ್ತಾ ಉತ್ತರಕ್ಕೆ ಹಬ್ಬಿತು. ಮುಂಗುಸಿಗಳನ್ನು ಹಿಡಿದು ಬೇಲಿ ಹಾಕಿದ ಮೇಲೆ ಕುಯಿನಾ ಚೇತರಿಸಿಕೊಂಡಿದೆ. 2021ರಲ್ಲಿ ಈ ಕಾಡು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಕುಯಿನಾ ಮುಂಜಾನೆ ಮತ್ತು ಮುಸ್ಸಂಜೆ ಜೋರಾಗಿ ಕೂಗುತ್ತದೆ, ಒಂದು ಕೂಗಿದರೆ ಸುತ್ತಲಿನವೂ ಸೇರಿಕೊಳ್ಳುತ್ತವೆ. ದನಿ ಸಿಗೋದು ಹಾಗಾಗಿ ಕಷ್ಟವಲ್ಲ. ತೊಂದರೆ ಕೊಡೋದು ಬೇಸಿಗೆಯ ಜೀರುಂಡೆಗಳು, ಮತ್ತೆ ಹೆಲಿಕಾಪ್ಟರ್. ಅಮೆರಿಕದ ಸೇನೆಯ ಕಾಡಿನ ತರಬೇತಿ ಪ್ರದೇಶ ಇಲ್ಲೇ ಇದೆ. 2016ರ ಕೊನೆಯಲ್ಲಿ ಅರ್ಧದಷ್ಟು ಜಾಗ ವಾಪಸ್ ಬಂದಿದ್ದರೂ ಉಳಿದ ಭಾಗದಲ್ಲಿ ಹಾರಾಟ ಇದೆ. ಒಂದು ಬೆಳಗ್ಗೆ ಕೆಟ್ಟರೆ ಇನ್ನೊಂದು ಇರುವ ಹಾಗೆ ದಿನಗಳನ್ನು ಇಟ್ಟುಕೊಳ್ಳಿ.

ಚಿತ್ರ ಸಿಗೋದು ಹೆಚ್ಚಾಗಿ ರಸ್ತೆ ಅಂಚಿನಲ್ಲಿ, ನಸುಕು ಹರಿದ ಸ್ವಲ್ಪ ಹೊತ್ತಿಗೆ, ಕಾರಿನ ಕಿಟಕಿಯಿಂದ. ಆದರೆ ಈ ಹಕ್ಕಿಯನ್ನು ಈಗ ಕೊಲ್ಲುತ್ತಿರುವುದರಲ್ಲಿ ಕಾರೂ ಒಂದು. ಕುನಿಗಾಮಿ ಕಡೆಯ ರಸ್ತೆಗಳಲ್ಲಿ ಹಕ್ಕಿ ದಾಟುವ ಜಾಗದ ಎಚ್ಚರಿಕೆ ಫಲಕಗಳು ಸುಮ್ಮನೆ ಹಾಕಿದ್ದಲ್ಲ. ಹುಡುಕುತ್ತಾ ಓಡಿಸಬೇಡಿ. ಸುರಕ್ಷಿತವಾದ ಕಡೆ ನಿಲ್ಲಿಸಿ, ಎಂಜಿನ್ ಆರಿಸಿ, ಕಾಯಿರಿ. ಕುಯಿನಾ ಹಾರದಿದ್ದರೂ ಹಾವಿನಿಂದ ಉಳಿಯಲು ಸಂಜೆ ಮರ ಹತ್ತಿ ಮಲಗುತ್ತದೆ. ಮಲಗಿದ ಹಕ್ಕಿಗೆ ಟಾರ್ಚ್ ಬಿಟ್ಟು ಫೋಟೋ ತೆಗೆಯುವವರಿದ್ದಾರೆ. ನನಗೆ ಅದು ಸರಿ ಕಾಣಲ್ಲ. ಆಯಾಸದಿಂದ ಕೊಂಬೆಗೆ ಏರಿದ ಹಕ್ಕಿಯನ್ನು ಕತ್ತಲಲ್ಲಿ ಕೆಳಗೆ ಇಳಿಸಿದರೆ ಅದಕ್ಕೆ ಮತ್ತೆ ಎಲ್ಲಿ ಜಾಗ, ಅಲ್ವಾ? ನಿಮಗೂ ಅಪಾಯ ಇದೆ: ಹಬು ವಿಷದ ಹಾವು, ರಾತ್ರಿಯೇ ಓಡಾಡೋದು. ಆಡಾ ಊರಿನ ಬಳಿ ಕುಯಿನಾವನ್ನು ಹತ್ತಿರದಿಂದ ನೋಡುವ ಕೇಂದ್ರ ಇದೆ. ಹಕ್ಕಿಯ ನಡಿಗೆ, ಗಾತ್ರ, ಕೂಗು ಕಣ್ಣಿಗೆ ಕಿವಿಗೆ ರೂಢಿಯಾಗಲು ಮೊದಲು ಅಲ್ಲಿಗೆ ಹೋಗೋದು ಒಳ್ಳೆಯದು.

ಲಾರ್ಡ್ ಹೋವ್ ವುಡ್‌ಹೆನ್

ಇದರ ಬಗ್ಗೆ ಹೇಳೋದು ಕಡಿಮೆ, ಯಾಕೆಂದರೆ ಹಕ್ಕಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಏನಾದರೂ ಸದ್ದಾದರೆ ಓಡಿಹೋಗುವ ಬದಲು ನೋಡಲು ಬರುವ ಕುತೂಹಲ ಇದಕ್ಕೆ, ಆ ಗುಣವೇ ಹಿಂದೆ ಇದರ ಜೀವಕ್ಕೆ ಮುಳುವಾಗಿತ್ತು. 1980ರ ಹೊತ್ತಿಗೆ ಮೂವತ್ತಕ್ಕಿಂತ ಕಡಿಮೆ ಉಳಿದಿದ್ದವು, ಅದೂ ಹೆಚ್ಚಾಗಿ 875 ಮೀಟರ್ ಎತ್ತರದ ಗೋವರ್ ಬೆಟ್ಟದ ಮೇಲೆ. ದ್ವೀಪದಲ್ಲೇ ಸಾಕಿ ಮರಿ ಮಾಡಿಸಿ ಬಿಟ್ಟರು. 1918ರಲ್ಲಿ ಹಡಗಿನಿಂದ ಬಂದ ಇಲಿಗಳನ್ನು 2019ರಲ್ಲಿ ದ್ವೀಪದಿಂದ ತೆಗೆಯುವ ಕೆಲಸ ನಡೆದ ಮೇಲೆ ವುಡ್‌ಹೆನ್‌ಗಳ ಸಂಖ್ಯೆ ಚೆನ್ನಾಗಿ ಏರಿದೆ.

ಮೊದಲ ಬಾರಿ ಇಂಥ ಹಕ್ಕಿಯ ಚಿತ್ರ ತೆಗೆಯುವವರಿಗೆ, ದೊಡ್ಡ ಲೆನ್ಸ್ ಇಲ್ಲದವರಿಗೆ ಇದೇ ಸರಿ. ಉದ್ದ ಲೆನ್ಸಿಗೆ ಫೋಕಸ್ ಆಗದಷ್ಟು ಹತ್ತಿರ ಬಂದುಬಿಡುತ್ತದೆ. ಅಗಲದ ಲೆನ್ಸ್ ನೆಲಮಟ್ಟದಲ್ಲಿಟ್ಟು ಹಿಂದೆ ಕೆಂಟಿಯಾ ತಾಳೆ ಮರಗಳು ಬರುವ ಹಾಗೆ ತೆಗೆದರೆ ಹಕ್ಕಿಯ ಜೊತೆ ಅದರ ಊರೂ ಚಿತ್ರದಲ್ಲಿರುತ್ತದೆ. ದನಿಯ ಕಷ್ಟ ಒಂದೇ: ದ್ವೀಪ ಹನ್ನೊಂದು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರಿನಷ್ಟು ಅಗಲ, ಎಲ್ಲಿ ನಿಂತರೂ ಸಮುದ್ರ ಕೇಳಿಸುತ್ತದೆ, ಗಾಳಿಗೆ ತಾಳೆ ಗರಿಗಳು ಪಟಪಟ ಅನ್ನುತ್ತವೆ. ಒಂದು ಬಾರಿಗೆ 400 ಪ್ರವಾಸಿಗರಿಗೆ ಮಾತ್ರ ಅವಕಾಶ ಇರೋದರಿಂದ ಬಹಳ ಮುಂಚೆ ಬುಕ್ ಮಾಡಬೇಕು, ಖರ್ಚೂ ಜಾಸ್ತಿ.

ಪಟ್ಟಿಯಲ್ಲಿ ಇಲ್ಲದವು

ಕಾಕಾಪೊ ಯಾಕಿಲ್ಲ ಅಂತ ಕೇಳಬಹುದು. ಜಗತ್ತಿನ ಒಂದೇ ಹಾರದ ಗಿಣಿ, 1995ರಲ್ಲಿ 51 ಮಾತ್ರ ಇದ್ದವು. ಗಂಡು ರಾತ್ರಿ ಗುಳಿಯಲ್ಲಿ ಕೂತು ಹೊರಡಿಸುವ ಗುಮ್ಮೆನ್ನುವ ದನಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಆದರೆ ಅವು ಸಂತಾನ ಬೆಳೆಸುತ್ತಿರುವ ವ್ಹೆನುವಾ ಹೌ ಮುಂತಾದ ದ್ವೀಪಗಳಿಗೆ ಸಾರ್ವಜನಿಕರಿಗೆ ಪ್ರವೇಶ ಇಲ್ಲ, ಇರಲೂಬಾರದು. ದಕ್ಷಿಣ ಅಟ್ಲಾಂಟಿಕ್‌ನ ಇನ್ಆಕ್ಸೆಸಿಬಲ್ ದ್ವೀಪದ ರೇಲ್ ಅನ್ನುವ ಪುಟ್ಟ ಹಕ್ಕಿ, ಹಾರದ ಹಕ್ಕಿಗಳಲ್ಲೇ ಅತಿ ಚಿಕ್ಕದು, ಅದಕ್ಕೂ ಇದೇ ಮಾತು. ಗಲಾಪಗೋಸ್‌ನ ಹಾರದ ಕಾರ್ಮೊರೆಂಟ್ (ನೀರುಕಾಗೆ) ಚಿತ್ರಕ್ಕೆ ತುಂಬಾ ಚೆನ್ನ: ನೀಲಮಣಿಯ ಕಣ್ಣು, ಮೊಂಡು ರೆಕ್ಕೆ ಒಣಗಿಸುವ ಭಂಗಿ, ಗೂಡಿಗೆ ಕಡಲಪಾಚಿ ತರುವ ಗಂಡು. ಫರ್ನಾಂಡಿನಾ ಮತ್ತು ಇಸಾಬೆಲಾ ದ್ವೀಪಗಳ ತೀರಕ್ಕೆ ಹೋಗುವ ಹಡಗಿನ ಪ್ರವಾಸ ಬೇಕು, ಗೈಡ್ ಕಡ್ಡಾಯ, ಎರಡು ಮೀಟರ್ ದೂರ ಇರಬೇಕು, ಫ್ಲ್ಯಾಶ್ ಇಲ್ಲ. ಹೆಚ್ಚಿನ ವಿದೇಶಿಯರಿಗೆ 2024ರ ಆಗಸ್ಟ್‌ನಿಂದ ಪ್ರವೇಶ ಶುಲ್ಕ 200 ಡಾಲರ್. ದನಿಗಾಗಿ ಅಲ್ಲಿಗೆ ಹೋಗಬೇಡಿ. ಅದು ಗೊರಗೊರ ಅನ್ನುವುದಕ್ಕಿಂತ ಅಲೆಯ ಸದ್ದೇ ಜೋರು.

ಮೈಕ್ ಯಾವುದು

ಫೋಟೋ ಸಾಮಾನಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಮೈಕ್ ವಿಷಯದಲ್ಲೇ ಗೊಂದಲ ಜಾಸ್ತಿ. ಮೂರು ದಾರಿ ಇವೆ. ಪ್ಯಾರಾಬೋಲಿಕ್ ತಟ್ಟೆ ದೂರದ ಒಂದು ಹಕ್ಕಿಯ ದನಿಯನ್ನು ಹತ್ತಿರ ಎಳೆದು ತರುತ್ತದೆ. ಆದರೆ ದನಿಯ ಅಲೆಯ ಉದ್ದ ತಟ್ಟೆಯ ಅಗಲಕ್ಕಿಂತ ದೊಡ್ಡದಿದ್ದರೆ, ಅಂದರೆ ತಗ್ಗಿನ ದನಿಗೆ, ಅದರಿಂದ ಪ್ರಯೋಜನ ಇಲ್ಲ. 60 ಸೆಂಟಿಮೀಟರ್ ತಟ್ಟೆಗೆ ಸುಮಾರು 600 ಹರ್ಟ್ಸ್‌ಗಿಂತ ಕೆಳಗಿನ ದನಿ ದಕ್ಕೋದಿಲ್ಲ, ಅಂದರೆ ತಕಾಹೆಯ ಗುಮ್ಮೆನ್ನುವ ದನಿಗೆ ಅಷ್ಟು ದೊಡ್ಡ ಸಾಮಾನು ಹೊತ್ತುಕೊಂಡು ಹೋಗೋದು ವ್ಯರ್ಥ. ಯಾನ್ಬಾರುವಿನಲ್ಲಿ ಕಣಿವೆಯ ಆಚೆ ಬದಿಯಿಂದ ಕೂಗುವ ಒಂದೇ ಕುಯಿನಾ ಬೇಕು ಅಂದರೆ ತಟ್ಟೆಯೇ ಸರಿ. ಶಾಟ್‌ಗನ್ ಮೈಕ್ ಎದುರಿನ ದಿಕ್ಕಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಮೈಕ್; ಹಗುರ, ವಿಮಾನದ ಬ್ಯಾಗಿನಲ್ಲಿ ಹೋಗುತ್ತದೆ, ಲಾರ್ಡ್ ಹೋವ್‌ನಲ್ಲಿ ಸಮುದ್ರದ ಕಡೆಗೆ ಬೆನ್ನು ಮಾಡಿ ಹಿಡಿದರೆ ಅಲೆಯ ಸದ್ದು ಸ್ವಲ್ಪ ಕಡಿಮೆಯಾಗುತ್ತದೆ.

ಕಾಗುವಿನ ಜೋಡಿ ಹಾಡಿಗೆ ಈ ಎರಡೂ ನನಗೆ ಇಷ್ಟ ಇಲ್ಲ. ಎಡಕ್ಕೆ ಒಂದು ಹಕ್ಕಿ, ಬಲಕ್ಕೆ ಒಂದು, ದೂರದಲ್ಲಿ ಪಕ್ಕದ ಜೋಡಿಯ ಉತ್ತರ. ಇದನ್ನು ಒಂದೇ ದಿಕ್ಕಿನ ಮೈಕ್‌ನಲ್ಲಿ ಹಿಡಿದರೆ ಅರ್ಧ ಕಥೆ ಹೋಯಿತು. ಎರಡು ಮೈಕ್‌ಗಳ ಸ್ಟೀರಿಯೋ ಜೋಡಣೆಯೇ ಮೂರನೆಯ ದಾರಿ. ಅದಕ್ಕೆ ಗಾಳಿ ತಡೆಯುವ ರೋಮದ ಹೊದಿಕೆ ಹಾಕಿ ಸಂಜೆಯೇ ಟೆಂಟಿನಿಂದ ಉದ್ದದ ಕೇಬಲ್ ಎಳೆದು ಇಟ್ಟುಬಿಡಿ. ನೆಲದಿಂದ ಎತ್ತರ ಬೇಡ, ಈ ಹಕ್ಕಿಗಳ ಬದುಕೇ ನೆಲದ್ದು, ತರಗೆಲೆಯ ಮೇಲೆ ಹೆಜ್ಜೆ ಇಡುವ ಸದ್ದೂ ಸಿಗುತ್ತದೆ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಇರಲಿ. 32 ಬಿಟ್ ಫ್ಲೋಟ್ ಇರುವ ರೆಕಾರ್ಡರ್ ಆದರೆ ಹತ್ತಿರದಲ್ಲೇ ಇದ್ದಕ್ಕಿದ್ದಂತೆ ಕೂಗಿದಾಗ ದನಿ ಒಡೆಯುವ ಭಯ ಇಲ್ಲ. ಕಾಡಿನಲ್ಲಿ ತಾನಾಗಿ ಓಡುವ ಪುಟ್ಟ ರೆಕಾರ್ಡರುಗಳನ್ನು ಮರಕ್ಕೆ ಕಟ್ಟಿ ಬರೋದೂ ಒಂದು ದಾರಿ, ದನಿಗೆ ಮನುಷ್ಯರೇ ಹತ್ತಿರ ಇಲ್ಲದ ಕಾರಣ ಬಹಳ ಒಳ್ಳೆಯದು. ಆದರೆ ಉದ್ಯಾನಗಳಲ್ಲಿ ಸಾಮಾನು ಬಿಟ್ಟು ಬರಲು ಮುಂಚೆಯೇ ಕೇಳಬೇಕು.

ಕ್ಯಾಮೆರಾದ ಶಟರ್ ಸದ್ದು ಆರಿಸಿ. ಇಲ್ಲದಿದ್ದರೆ ನಿಮ್ಮದೇ ಕ್ಲಿಕ್ ನಿಮ್ಮದೇ ರೆಕಾರ್ಡಿಂಗ್‌ನಲ್ಲಿ ಬರುತ್ತದೆ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯೋದು ಎಲ್ಲೂ ಬೇಡ. ಇವೆಲ್ಲ ತಮ್ಮ ಗಡಿ ಕಾಯುವ ಹಕ್ಕಿಗಳು, ಇಲ್ಲದ ಶತ್ರುವನ್ನು ಹುಡುಕುತ್ತಾ ಮೇವು ಬಿಟ್ಟು, ಮೊಟ್ಟೆ ಬಿಟ್ಟು ಓಡಾಡುತ್ತವೆ.

ಕೊನೆಗೆ ಪ್ರತಿ ರೆಕಾರ್ಡಿಂಗ್ ಮುಗಿದ ಮೇಲೆ ನಿಮ್ಮ ದನಿಯಲ್ಲೇ ತಾರೀಖು, ಹೊತ್ತು, ಜಾಗ, ಹಕ್ಕಿ ಕಂಡಿತೋ ಬರೀ ಕೇಳಿಸಿತೋ, ಎಷ್ಟು ದೂರ, ಜೊತೆಗಿದ್ದದ್ದು ಎಷ್ಟು ಅಂತ ಹೇಳಿ ಸೇರಿಸಿ. ಕಾಲಿನ ಬಳೆಯ ಬಣ್ಣ ಕಂಡಿದ್ದರೆ ಅದನ್ನೂ ಹೇಳಿ, ಅಲ್ಲಿ ಹಕ್ಕಿ ಎಣಿಸುವವರಿಗೆ ಅದು ಬೇಕಾಗುತ್ತದೆ. ದನಿಯನ್ನು ಹಕ್ಕಿಗಳ ಕೂಗು ಕೂಡಿಡುವ ಸಂಗ್ರಹಗಳಾದ ಝೆನೊ ಕ್ಯಾಂಟೊ (xeno-canto) ಅಥವಾ ಅಮೆರಿಕದ ಕಾರ್ನೆಲ್‌ನ ಮೆಕಾಲೆ ಲೈಬ್ರರಿಗೆ ಕೊಡಿ, ಫಿಲ್ಟರ್ ಹಾಕಿ ತಿದ್ದದೆ ಮೂಲ ಫೈಲನ್ನೇ ಕೊಡಿ. ಬೇರೆ ಕಡೆ ಹಾಕುವ ಫೋಟೋಗಳಿಂದ ಜಿಪಿಎಸ್ ಗುರುತು ತೆಗೆದುಹಾಕಿ, ಗೂಡಿನ ಚಿತ್ರ ಇದ್ದರೆ ಅದನ್ನು ಹಾಕಲೇಬೇಡಿ, ಆ ಜಾಗದ ವಿವರವನ್ನು ಉದ್ಯಾನದವರಿಗೆ ಮಾತ್ರ ತಿಳಿಸಿ.